ನೆಲವೇ ಡೊಂಕು

‘ರೀ, ನಿಮ್ಮ ಪಂಪಿಗೆ ಬಿಕ್ಕಳಿಕೆ ಬಂದಿದೆ. ಯಾರೋ ನೆನೆಸ್ಕೊಳ್ತಾ ಇರ್ಬೇಕು,’ ಅಂದಳು ನನ್ನ ಹೆಂಡತಿ.

ಅದಕ್ಕೆ ಬಿಕ್ಕಳಿಕೆ ಅನ್ನುವುದು ಬಿಟ್ಟರೆ ಬೇರೆ ಪದವಿಲ್ಲ. ನಾನು ಕಟ್ಟಲು ಹೊರಟಿದ್ದು ಕುಂಡದ ಮಣ್ಣು ಒಣಗಿದ ಕೂಡಲೇ ತಾನಾಗಿ ನೀರುಣಿಸುವ ಯಂತ್ರ. ಮಣ್ಣಿಗೆ ಚುಚ್ಚಿದ ತೇವದ ಸೆನ್ಸರು, ಪ್ರೋಗ್ರಾಮು ಓಡಿಸುವ ಚಿಪ್ಪನ್ನು ಹೊತ್ತ ಆರ್ಡುಯಿನೊ ಉನೊ ಎಂಬ ಪುಟ್ಟ ಬೋರ್ಡು, ಅಂಕಿ ತೋರಿಸಲು ಪುಟ್ಟ ಪರದೆ, ಚಿಪ್ಪಿನ ಸನ್ನೆಗೆ ಪಂಪನ್ನು ಹಾಕಿ ಆರಿಸುವ ಸ್ವಿಚ್ಚಾಗಿ ಒಂದು ಮಾಸ್‌ಫೆಟ್, ಬಕೆಟ್ಟಿನ ತಳದಲ್ಲಿ ಕೂತ ಹೆಬ್ಬೆರಳು ಗಾತ್ರದ 5 ವೋಲ್ಟಿನ ಪಂಪು. ಪಂಪು ‘ಗುರ್’ ಅನ್ನುತ್ತಿತ್ತು, ನಿಲ್ಲುತ್ತಿತ್ತು. ಒಂದೆರಡು ಕ್ಷಣ ಮೌನ. ಮತ್ತೆ ‘ಗುರ್’. ಪ್ರತಿ ಗುರ್ರಿಗೂ ಪೈಪಿನ ತುದಿಯಲ್ಲಿ ಒಂದು ಹನಿ ಇಣುಕಿ, ಆಚೆ ಈಚೆ ನೋಡಿ, ಒಳಕ್ಕೆ ವಾಪಸ್ ಹೋಗುತ್ತಿತ್ತು. ಗಿಡ ಸುಮ್ಮನೆ ಕಾಯುತ್ತಿತ್ತು.

ನಾನು ಹೊಟ್ಟೆಪಾಡಿಗೆ ಕೋಡು ಬರೆಯುವವನು. ವರ್ಷಗಟ್ಟಲೆ ಕೋಡು ಬರೆದರೆ ತಲೆಯ ಮೇಲೂ ಎರಡು ಕೋಡು ಮೂಡುತ್ತವೆ. ಲೋಕದಲ್ಲಿ ಏನು ಕೆಟ್ಟರೂ ಅದು ಕೋಡಿನಲ್ಲೇ ಕೆಟ್ಟಿರಬೇಕು, ಕೋಡಿನಲ್ಲಿ ಕೆಟ್ಟದ್ದನ್ನು ನಾನು ಸರಿಮಾಡಬಲ್ಲೆ ಎಂಬ ಜಂಬ. ಹಾಗಾಗಿ ಮೊದಲ ಮೂರು ರಾತ್ರಿ ಪ್ರೋಗ್ರಾಮಿನ ಮೇಲೇ ಬಿದ್ದೆ. ಇಪ್ಪತ್ತು ಸಾಲಿದ್ದದ್ದು ಎಂಬತ್ತು ಸಾಲಾಯಿತು. ‘ಇಷ್ಟು ಹೊತ್ತು ತಡೆ’ ಎನ್ನುವ ‘ಡಿಲೇ’ ಸಾಲುಗಳನ್ನು ಕಂಡಕಂಡಲ್ಲಿ ತುರುಕಿದೆ. ಬೇರೆಯವರು ಬರೆದಿಟ್ಟ ಕೋಡಿನ ಲೈಬ್ರರಿ ಬದಲಾಯಿಸಿದೆ, ಮತ್ತೆ ಹಳೆಯದಕ್ಕೇ ಬಂದೆ. ಕೋಡನ್ನು ಚಿಪ್ಪಿನ ಭಾಷೆಗೆ ಇಳಿಸುವ, ಲಕ್ಷಾಂತರ ಜನ ಬಳಸುವ ಕಂಪೈಲರಿನ ಮೇಲೂ, ನನ್ನೊಬ್ಬನ ವಿಷಯದಲ್ಲಿ ಅದು ಎಡವಿರಬಹುದೆಂದು, ಅನುಮಾನಪಟ್ಟೆ.

ಕೊನೆಗೆ ಚಿಪ್ಪು ಶುರುವಾದಾಗ ಒಂದೇ ಒಂದು ಸಲ ಓಡುವ ಜಾಗದಲ್ಲಿ, ಸೀರಿಯಲ್ ಮಾನಿಟರಿಗೆ ‘ಎದ್ದೆ’ ಎಂದು ಬರೆಯುವ ಒಂದು ಸಾಲು ಸೇರಿಸಿದೆ. ನ್ಯಾಯವಾಗಿ ಅದು ಒಮ್ಮೆ ಕಾಣಿಸಬೇಕು. ಲ್ಯಾಪ್‌ಟಾಪಿನಲ್ಲಿ ಮೂಡಿದ್ದು ಹೀಗೆ: ಎದ್ದೆ. ಎದ್ದೆ. ಎದ್ದೆ. ಎದ್ದೆ. ಬೆಳಿಗ್ಗೆ ಶಾಲೆಗೆ ಎಬ್ಬಿಸಿದಾಗ ನನ್ನ ಮಗ ಹೊದಿಕೆಯೊಳಗಿಂದ ಹೇಳುವುದೂ ಇದನ್ನೇ, ಸರಿಸುಮಾರು ಇಷ್ಟೇ ಸಲ.

ಅಂದರೆ ಪಂಪು ಶುರುವಾದ ಮರುಕ್ಷಣ ಚಿಪ್ಪಿಗೆ ಮೂರ್ಛೆ. ಚಿಪ್ಪು ಬಿದ್ದ ಕೂಡಲೇ ಪಂಪು ನಿಲ್ಲುತ್ತದೆ. ಪಂಪು ನಿಂತ ಕೂಡಲೇ ಚಿಪ್ಪಿಗೆ ಎಚ್ಚರ. ಎದ್ದವನು ಮಣ್ಣು ಮುಟ್ಟಿ ನೋಡುತ್ತಾನೆ, ಅಯ್ಯೋ ಒಣಗಿದೆಯಲ್ಲ ಎಂದು ಪಂಪು ಹಾಕುತ್ತಾನೆ, ಮತ್ತೆ ಮೂರ್ಛೆ. ಹಿಂದಿನ ಜನ್ಮದ ನೆನಪು ಅವನಿಗಿಲ್ಲ. ಆದ್ದರಿಂದ ಪ್ರತಿ ಸಲವೂ ಮೊದಲಿನದೇ ಉತ್ಸಾಹ.

‘ಕೋಡಿನಲ್ಲಿ ಏನೂ ತಪ್ಪಿಲ್ಲ. ಕರೆಂಟೇ ಸರಿಯಿಲ್ಲ,’ ಎಂದು ಮನೆಯಲ್ಲಿ ಘೋಷಿಸಿದೆ.

‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ,’ ಅಂದಳು ಹೆಂಡತಿ.

ಗಾದೆ ನನ್ನ ಮೈಗೆ ಅಳತೆ ತೆಗೆದು ಹೊಲಿದ ಹಾಗಿತ್ತು, ಒಪ್ಪುತ್ತೇನೆ. ಆದರೆ ಈ ಹವ್ಯಾಸದಲ್ಲಿ ನೆಲ ನಿಜಕ್ಕೂ ಡೊಂಕಾಗಿರುತ್ತದೆ ಎಂಬುದು ಆಗ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಮಲ್ಟಿಮೀಟರ್ ತಂದು 5 ವೋಲ್ಟಿನ ಪಿನ್ನಿಗೆ ಹಿಡಿದೆ. 4.96. ಪಂಪು ಬಿಕ್ಕಳಿಸುವಾಗಲೂ 4.9ರ ಆಸುಪಾಸು. ಇನ್ನೇನು ಬೇಕು? ಮೀಟರನ್ನು ನಂಬಿ ಇನ್ನೊಂದು ರಾತ್ರಿ ಕಳೆದೆ. ಮೀಟರು ಸುಳ್ಳು ಹೇಳುತ್ತಿರಲಿಲ್ಲ. ಅದು ಆರಾಮಕುರ್ಚಿಯಲ್ಲಿ ತೂಕಡಿಸುತ್ತ ಮನೆ ಕಾಯುವ ಅಜ್ಜನ ಹಾಗೆ. ಸೆಕೆಂಡಿಗೆ ಎರಡು ಮೂರು ಸಲ ಕಣ್ಣು ಬಿಡುತ್ತದೆ, ನಡುವೆ ನಡೆದದ್ದನ್ನೆಲ್ಲ ಸರಾಸರಿಗೆ ಸೇರಿಸಿ ‘ಯಾರೂ ಬರಲಿಲ್ಲಪ್ಪ’ ಅನ್ನುತ್ತದೆ. ಕಳ್ಳನಿಗೆ ಬಂದುಹೋಗಲು ಕೆಲವೇ ಮಿಲಿಸೆಕೆಂಡು ಸಾಕು. ನಿಂತ ಮೋಟಾರು ಹೊರಡುವಾಗ, ಓಡುವಾಗ ಬೇಕಾಗುವುದರ ಹಲವು ಪಟ್ಟು ಕರೆಂಟು ಎಳೆಯುತ್ತದೆ. ತಿರುಗತೊಡಗಿದ ಮೇಲೆ ತಾನೇ ಒಂದು ಎದುರು ವೋಲ್ಟೇಜು ಹುಟ್ಟಿಸಿಕೊಂಡು ಹಸಿವು ಕಡಿಮೆ ಮಾಡಿಕೊಳ್ಳುತ್ತದೆ. ಆ ಮೊದಲ ಗುಟುಕಿಗೇ ಚಿಪ್ಪಿನ ಪಾಲು ಕುಸಿಯುವುದು.

ಉನೊದ ಚಿಪ್ಪಿನೊಳಗೆ ಬ್ರೌನ್‌ಔಟ್ ಡಿಟೆಕ್ಟರ್ ಎಂಬ ಕಾವಲುಗಾರನಿದ್ದಾನೆ. ವೋಲ್ಟೇಜು 2.7ಕ್ಕಿಂತ ಕೆಳಗಿಳಿದರೆ ಅವನು ಚಿಪ್ಪನ್ನು ರೀಸೆಟ್ ಮಾಡಿಬಿಡುತ್ತಾನೆ. ಇದರಲ್ಲೊಂದು ತಮಾಷೆಯಿದೆ. ಚಿಪ್ಪಿನ ವಿವರಪಟ್ಟಿಯಾದ ಡೇಟಾಶೀಟಿನ ಗೆರೆ ಹಿಡಿದು ಲೆಕ್ಕ ಹಾಕಿದರೆ, 16 ಮೆಗಾಹರ್ಟ್ಸ್ ವೇಗದಲ್ಲಿ ಓಡಲು ಆ ಚಿಪ್ಪಿಗೆ ಕಡಿಮೆಯೆಂದರೂ ಸುಮಾರು 3.8 ವೋಲ್ಟ್ ಬೇಕು. ಹಾಗಾದರೆ 3.8 ಮತ್ತು 2.7ರ ನಡುವೆ ಇರುವಾಗ? ಆಗ ಅದು ಎಚ್ಚರವೂ ಅಲ್ಲ, ನಿದ್ದೆಯೂ ಅಲ್ಲ. ನಡುರಾತ್ರಿ ಫೋನೆತ್ತಿ ‘ಹೂಂ ಹೂಂ, ನಾಳೆನೇ ಮಾಡ್ತೀನಿ’ ಅನ್ನುವವರ ಸ್ಥಿತಿ. ನನ್ನ ಪರದೆಯ ಮೇಲೆ ಒಮ್ಮೆ ಮಣ್ಣಿನ ತೇವ ಶೇಕಡಾ 6553 ಎಂದು ಬಂದದ್ದು ಇಂಥ ಹೊತ್ತಿನಲ್ಲೇ ಇರಬೇಕು. ಅಷ್ಟು ತೇವ ಸಮುದ್ರಕ್ಕೂ ಇಲ್ಲ.

ಸಿಕ್ಕಿಬಿದ್ದ ಮೊದಲ ಅಪರಾಧಿ ಯುಎಸ್‌ಬಿ ಕೇಬಲ್. ಎರಡು ಮೀಟರ್ ಉದ್ದ, ಒಳ್ಳೆಯ ನೀಲಿ ಬಣ್ಣ. ಬಣ್ಣ ನೋಡಿಯೇ ಆರಿಸಿದ್ದೆ. ಅದನ್ನು ಕತ್ತರಿಸಿ ನೋಡಿದರೆ ಒಳಗೆ ಕೂದಲೆಳೆಯಂಥ 28 ಗೇಜಿನ ತಂತಿಗಳು. ಮೀಟರಿಗೆ ಸುಮಾರು 0.21 ಓಮ್. ಕರೆಂಟು ಹೋದರಷ್ಟೇ ಸಾಲದು, ತವರಿಗೆ ಮರಳಲೂ ಬೇಕು. ಹೋಗಿಬರುವ ದಾರಿ ನಾಲ್ಕು ಮೀಟರ್, ಒಟ್ಟು 0.85 ಓಮ್. ಪಂಪಿನ ಆ ಮೊದಲ ಗುಟುಕು 1 ಆಂಪಿಯರ್ ಆದರೆ 0.85 ವೋಲ್ಟ್ ದಾರಿಖರ್ಚಿಗೇ ಹೋಯಿತು. ಮೇಲೆ, ಬೆಸುಗೆಯಿಲ್ಲದೆ ತಂತಿ ಚುಚ್ಚಿ ಜೋಡಿಸುವ ಹಲಗೆಯಾದ ಬ್ರೆಡ್‌ಬೋರ್ಡಿನ ಸಡಿಲ ತೂತುಗಳ ಸುಂಕ ಬೇರೆ.

ಡ್ರಾಯರಿನ ಸಿಕ್ಕು ಬಿಡಿಸಿ ಒಂದು ಗಿಡ್ಡ, ದಪ್ಪ ಕೇಬಲ್ ಹುಡುಕಿದೆ. ಚುಚ್ಚಿದರೆ ಲ್ಯಾಪ್‌ಟಾಪು ಬೋರ್ಡನ್ನು ಗುರುತೇ ಹಿಡಿಯಲಿಲ್ಲ. ಒಂದು ಗಂಟೆ ಡ್ರೈವರ್ ಅಳಿಸಿ ಹಾಕಿ, ಅಳಿಸಿ ಹಾಕಿ ಮಾಡಿದೆ. (ಕೋಡು ಇಷ್ಟು ಬೇಗ ಉದುರುವುದಿಲ್ಲ.) ಅದು ಚಾರ್ಜಿಂಗಿಗೆ ಮಾತ್ರ ಮಾಡಿದ ಕೇಬಲ್ಲಂತೆ, ಡೇಟಾ ತಂತಿಗಳೇ ಅದರೊಳಗೆ ಇರಲಿಲ್ಲ. ನೋಡಲು ಎರಡೂ ಒಂದೇ ಥರ. ಈ ಎರಡು ಜಾತಿಯ ಕೇಬಲ್ಲುಗಳಿಗೆ ಬೇರೆ ಬೇರೆ ಬಣ್ಣ ಕೊಡಬೇಕೆಂದು ಇಷ್ಟು ವರ್ಷದಲ್ಲಿ ಯಾರಿಗೂ ಅನ್ನಿಸಲಿಲ್ಲವೆಂಬುದು ನನಗೆ ಇಂದಿಗೂ ಸೋಜಿಗ.

ಮುಂದೆ 9 ವೋಲ್ಟಿನ ಚೌಕ ಬ್ಯಾಟರಿ. ಐದಕ್ಕಿಂತ ಒಂಬತ್ತು ದೊಡ್ಡದು ಎಂಬ ಒಂದೇ ತರ್ಕದ ಮೇಲೆ ತಂದಿದ್ದೆ. ಟ್ರಾನ್ಸಿಸ್ಟರ್ ರೇಡಿಯೊದಂಥ ಮಿತಾಹಾರಿಗಳನ್ನು ಸಾಕಲು ಹೇಳಿಮಾಡಿಸಿದ ಬ್ಯಾಟರಿ ಅದು. ಒಳಗಿನ ಸಂಗ್ರಹ ಸುಮಾರು 500 ಮಿಲಿ ಆಂಪಿಯರ್ ಗಂಟೆ, ಅದನ್ನೂ ಒಮ್ಮೆಗೆ ಕೊಡುವ ತಾಕತ್ತಿಲ್ಲ. ಸಾಲದ್ದಕ್ಕೆ ಉನೊದ ರೆಗ್ಯುಲೇಟರು ಒಂಬತ್ತನ್ನು ಐದು ಮಾಡುವಾಗ ಮಿಕ್ಕ ನಾಲ್ಕನ್ನು ಬಿಸಿ ಮಾಡಿ ಗಾಳಿಗೆ ಬಿಡುತ್ತದೆ. ಪಂಪು ಐದಾರು ಸಲ ಬಿಕ್ಕಿತು. ಆಮೇಲೆ ಬಿಕ್ಕುವುದನ್ನೂ ಬಿಟ್ಟಿತು.

ಎಲೆಕ್ಟ್ರಾನಿಕ್ಸ್ ಬಲ್ಲ ಗೆಳೆಯನಿಗೆ ಫೋನು ಮಾಡಿದೆ.

‘ಪಂಪಿಗೆ ಬೇರೇನೇ ಸಪ್ಲೈ ಕೊಡೋ ಮಾರಾಯ. ಚಿಪ್ಪಿನ ತಟ್ಟೆಯಿಂದ ಯಾಕೆ ಕಿತ್ಕೊಳ್ತೀಯ?’ ಅಂದ. ‘ಗ್ರೌಂಡ್ ಮಾತ್ರ ಕಾಮನ್ ಮಾಡೋದು ಮರೀಬೇಡ.’

‘ಅಷ್ಟೂ ಗೊತ್ತಿಲ್ವೇನೋ,’ ಅಂದೆ. ಅಷ್ಟೂ ಗೊತ್ತಿರಲಿಲ್ಲ. ಎರಡು ಸಪ್ಲೈಗಳನ್ನು ಒಂದಕ್ಕೊಂದು ತಾಗಿಸಿದರೆ ಏನಾದರೂ ಸುಡುತ್ತದೆ ಎಂಬ ಭಯ ಎಲ್ಲಿಂದಲೋ ಬಂದು ತಲೆಯಲ್ಲಿ ಕೂತಿತ್ತು. ಹಾಗಾಗಿ ಬಹಳ ಮುತುವರ್ಜಿಯಿಂದ ಎರಡನ್ನೂ ದೂರ ದೂರ ಇಟ್ಟೆ.

ಅಟ್ಟದ ಮೇಲೆ ಹಳೇ ಡೆಸ್ಕ್‌ಟಾಪ್ ಕಂಪ್ಯೂಟರಿನ ಪವರ್ ಸಪ್ಲೈ ಧೂಳು ತಿನ್ನುತ್ತಿತ್ತು. ಅದರ ಹಸಿರು ತಂತಿಯನ್ನು ಕಪ್ಪು ತಂತಿಗೆ ಮುಟ್ಟಿಸಿದರೆ ಸಾಕು, ಫ್ಯಾನು ತಿರುಗಿಸಿಕೊಂಡು ಎದ್ದು ಕೂರುತ್ತದೆ. ಕೆಂಪು ತಂತಿಯಲ್ಲಿ 5 ವೋಲ್ಟ್, ಆಂಪಿಯರುಗಳು ಬೇಕಾದಷ್ಟು. ಪಂಪು ಮತ್ತು ಮಾಸ್‌ಫೆಟ್ ಅದರ ಪಾಲಿಗೆ, ಆರ್ಡುಯಿನೊ ಲ್ಯಾಪ್‌ಟಾಪಿನ ಪಾಲಿಗೆ. ನಡುವೆ ಮಾಸ್‌ಫೆಟ್‌ನ ಗೇಟಿಗೆ, ಅಂದರೆ ಸನ್ನೆ ಕೇಳುವ ಕಾಲಿಗೆ, ಹೋಗುವ ಒಂದು ಹಳದಿ ತಂತಿ.

ಓಡಿತು! ನೀರು ಚಿಮ್ಮಿತು. ಗಿಡದ ಬುಡ ಕೆಸರಾಗುವವರೆಗೂ ನಾನು ಸಂಭ್ರಮದಲ್ಲಿ ನಿಲ್ಲಿಸಲಿಲ್ಲ. ಅದು ರಾತ್ರಿ. ಬೆಳಿಗ್ಗೆ ಎಲ್ಲರನ್ನೂ ಕರೆದು ತೋರಿಸಹೋದರೆ ಪಂಪು ಸುಮ್ಮನಿತ್ತು. ರಾತ್ರಿ ಮತ್ತೆ ಓಡಿತು. ಮರುದಿನ ಬೆಳಿಗ್ಗೆ ಮತ್ತೆ ಮೌನ. ನಾಲ್ಕು ದಿನದಲ್ಲಿ ನನ್ನ ಬಳಿ ನಾಲ್ಕು ಸಿದ್ಧಾಂತಗಳಿದ್ದವು: ಬೆಳಕು, ಬಿಸಿ, ನೆರೆಮನೆಯ ಮೋಟಾರು, ಮತ್ತು ನನ್ನ ಕೈಗುಣ. ಒಂದೊಂದನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆದೆ.

‘ಅಪ್ಪ, ನೀನು ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದಾಗ ಮಾತ್ರ ಇದು ಓಡುತ್ತೆ,’ ಅಂದ ಮಗ.

ನಕ್ಕೆ. ಪಂಪಿಗೂ ಲ್ಯಾಪ್‌ಟಾಪಿನ ಚಾರ್ಜರಿಗೂ ಏನು ಸಂಬಂಧ? ಚಾರ್ಜರ್ ಕಿತ್ತೆ, ಪಂಪು ನಿಂತಿತು. ಚುಚ್ಚಿದೆ, ಓಡಿತು. ಕಿತ್ತೆ, ನಿಂತಿತು. ಹತ್ತು ಸಲ ಹಾಗೆ ಮಾಡಿ, ಆಮೇಲೆ ನೆಲದ ಮೇಲೇ ಕೂತೆ.

ವೋಲ್ಟೇಜು ಎನ್ನುವುದು ಎತ್ತರದಂಥದ್ದು. ಎಲ್ಲಿಂದ ಅಳೆದಿರಿ ಎಂದು ಹೇಳದಿದ್ದರೆ ಆ ಅಂಕಿಗೆ ಬೆಲೆಯಿಲ್ಲ. ಆರ್ಡುಯಿನೊ ‘ತಗೋ ಐದು ವೋಲ್ಟ್’ ಅಂದರೆ ಅದು ಅದರ ಸ್ವಂತ ನೆಲದಿಂದ ಐದು. ಮಾಸ್‌ಫೆಟ್ ನಿಂತಿರುವುದು ಅಟ್ಟದ ಪೆಟ್ಟಿಗೆಯ ನೆಲದ ಮೇಲೆ. ಎರಡು ನೆಲಗಳಿಗೂ ಪರಿಚಯವೇ ಇಲ್ಲವೆಂದ ಮೇಲೆ ಒಬ್ಬನ ಐದು ಇನ್ನೊಬ್ಬನಿಗೆ ಏನೂ ಅಲ್ಲ. ಆದರೆ ನನ್ನ ಲ್ಯಾಪ್‌ಟಾಪಿನ ಚಾರ್ಜರು ಮೂರು ಪಿನ್ನಿನದು. ಅದರ ಮೈನಸ್ ತಂತಿ ಒಳಗೊಳಗೇ ಅರ್ಥ್ ಪಿನ್ನಿಗೆ ನೆಂಟ. ಹಳೇ ಪವರ್ ಸಪ್ಲೈಯ ಕಪ್ಪು ತಂತಿಗಳೂ ಅದರ ತಗಡಿನ ಮೈಗೆ, ಆ ಮೂಲಕ ಅದೇ ಅರ್ಥ್‌ಗೆ ಸೇರಿವೆ. ಹೀಗೆ ಚಾರ್ಜರ್ ಚುಚ್ಚಿದಾಗ ನನ್ನ ಸಂಕೇತಕ್ಕೆ ಮರಳುವ ದಾರಿಯೊಂದು ಸಿಗುತ್ತಿತ್ತು. ದಾರಿ ಎಂಥದ್ದು ಕೇಳಿ: ಮಾಸ್‌ಫೆಟ್‌ನಿಂದ ಹಳೇ ಪೆಟ್ಟಿಗೆ, ಪೆಟ್ಟಿಗೆಯಿಂದ ಗೋಡೆಯ ಸಾಕೆಟ್, ಸಾಕೆಟ್‌ನಿಂದ ಗೋಡೆಯೊಳಗಿನ ಅರ್ಥ್ ತಂತಿ, ಇನ್ನೊಂದು ಕೋಣೆಯ ಸಾಕೆಟ್, ಅಲ್ಲಿಂದ ಚಾರ್ಜರು, ಲ್ಯಾಪ್‌ಟಾಪು, ಯುಎಸ್‌ಬಿ ಕೇಬಲ್, ಕೊನೆಗೆ ಆರ್ಡುಯಿನೊ. ಮಾಸ್‌ಫೆಟ್‌ನ ಗೇಟು ಕರೆಂಟನ್ನು ಹೆಚ್ಚುಕಡಿಮೆ ಕೇಳುವುದೇ ಇಲ್ಲವಾದ್ದರಿಂದ ಇಷ್ಟು ಸುತ್ತಿಬಂದರೂ ನಡೆಯುತ್ತಿತ್ತು. ಮೇಜಿನ ಮೇಲೆ ಅವೆರಡರ ನಡುವಿನ ಅಂತರ ಹತ್ತು ಸೆಂಟಿಮೀಟರ್. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದವಳಾದರೂ ಗೋಡೆಯೊಳಗೆ ನುಗ್ಗಿರಲಿಲ್ಲ.

1838ರಲ್ಲಿ ಜರ್ಮನಿಯ ಕಾರ್ಲ್ ಆಗಸ್ಟ್ ಫಾನ್ ಸ್ಟೈನ್‌ಹೈಲ್, ಟೆಲಿಗ್ರಾಫಿಗೆ ಮರಳುವ ತಂತಿ ಬೇಕಿಲ್ಲ, ಭೂಮಿಯೇ ಆ ಕೆಲಸ ಮಾಡುತ್ತದೆ ಎಂದು ತೋರಿಸಿಕೊಟ್ಟ. ಅವನಿಂದ ಊರೂರ ನಡುವೆ ಅರ್ಧಕ್ಕರ್ಧ ತಂತಿ ಉಳಿಯಿತು. ನಾನು ಅದನ್ನೇ ಮನೆಯೊಳಗೆ ಮತ್ತೆ ಕಂಡುಹಿಡಿದು, ಗೇಣುದ್ದ ತಂತಿ ಉಳಿಸಿ, ಒಂದು ವಾರ ಕಳೆದುಕೊಂಡೆ.

ಗೊಂದಲಕ್ಕೆ ಭಾಷೆಯ ಪಾಲೂ ಇದೆ. ‘ಅರ್ಥ್’ ಅಂದರೂ ನೆಲ, ‘ಗ್ರೌಂಡ್’ ಅಂದರೂ ನೆಲ. ಒಂದು, ಮೂರು ಪಿನ್ನಿನಲ್ಲಿರುವ ದಪ್ಪ ಪಿನ್ನಿನ ನೆಲ. ಪೆಟ್ಟಿಗೆಯ ಮೈಗೆ ಕರೆಂಟು ಹೊಡೆದಾಗ ನಮ್ಮ ಬದಲು ತಾನು ಹೊತ್ತು ಜೀವ ಉಳಿಸುವಂಥದ್ದು. ಸಾಕೆಟ್ಟಿಗೆ ಹಿಡಿಸುವುದಿಲ್ಲವೆಂದು ಅದನ್ನು ಮುರಿಯುವವರನ್ನು ಕಂಡರೆ ನನಗೆ ಈಗ ತಮಾಷೆ ಮಾಡಲೂ ಮನಸ್ಸು ಬರುವುದಿಲ್ಲ. ಇನ್ನೊಂದು, ಸರ್ಕ್ಯೂಟಿನ ಜಿಎನ್‌ಡಿ, ಸೊನ್ನೆ ಎಲ್ಲಿಂದ ಶುರು ಎಂದು ಎಲ್ಲರೂ ಒಪ್ಪಿಕೊಂಡ ಗುರುತು ಅಷ್ಟೆ. ಕೆಲವು ಪೆಟ್ಟಿಗೆಗಳಲ್ಲಿ ಎರಡೂ ಸೇರಿರುತ್ತವೆ, ಕೆಲವಲ್ಲಿ ಇಲ್ಲ. ಅರ್ಥ್ ಅರ್ಥವಾಗದೆ ನಾನು ಮಾಡಿಕೊಂಡದ್ದು ಅನರ್ಥ.

ಸರಿ, ಕಪ್ಪು ತಂತಿಯೊಂದನ್ನು ಆರ್ಡುಯಿನೊದ ಜಿಎನ್‌ಡಿಯಿಂದ ಬ್ರೆಡ್‌ಬೋರ್ಡಿನ ನೀಲಿ ಗೆರೆಗೆ ಚುಚ್ಚಿದೆ, ಅದೇ ಗೆರೆಯ ಇನ್ನೊಂದು ತುದಿಗೆ ಪವರ್ ಸಪ್ಲೈಯ ಕಪ್ಪು ತಂತಿ. ಚಾರ್ಜರ್ ಕಿತ್ತೆ. ಪಂಪು ನಿಂತಿತು. ಗೆಳೆಯನಿಗೆ ಮತ್ತೆ ಫೋನು.

‘ಕಾಮನ್ ಗ್ರೌಂಡ್ ಮಾಡಿದ್ದೀಯಾ?’

‘ಮಾಡಿದ್ದೀನಿ ಕಣೋ!’ ಈ ಸಲ ನಿಜ ಹೇಳಿದ್ದೆ, ಆದ್ದರಿಂದ ದನಿಯೂ ಜೋರಿತ್ತು.

‘ಬ್ರೆಡ್‌ಬೋರ್ಡಿನ ನೀಲಿ ಗೆರೆ ನಡುವೆ ತುಂಡಾಗಿದೆಯಾ ನೋಡು.’

ಕನ್ನಡಕ ಹಾಕಿಕೊಂಡು ನೋಡಿದೆ. ಬೋರ್ಡಿನ ನಟ್ಟನಡುವೆ ನೀಲಿ ಗೆರೆಯಲ್ಲಿ ಅರ್ಧ ಬೆರಳಿನಷ್ಟು ಬಿಳಿ ಜಾಗ. ಉದ್ದನೆಯ ಬ್ರೆಡ್‌ಬೋರ್ಡುಗಳಲ್ಲಿ ಎಷ್ಟೋ ಸಲ ಪವರ್ ಸಾಲು ಅಲ್ಲಿ ನಿಜವಾಗಿಯೂ ತುಂಡಾಗಿರುತ್ತದೆ. ಗೆರೆ ಅದನ್ನು ಪ್ರಾಮಾಣಿಕವಾಗಿ ತೋರಿಸಿತ್ತು. ನಾನು ಮುದ್ರಣದೋಷ ಅಂದುಕೊಂಡಿದ್ದೆ.

ಆ ಬಿಳಿ ಜಾಗದ ಮೇಲೊಂದು ಸೇತುವೆ ಕಟ್ಟಿದ ಮೇಲೆ ಪಂಪು ಚಾರ್ಜರಿನ ಹಂಗು ತೊರೆಯಿತು. ನೆಮ್ಮದಿಯಿಂದ ಯುಎಸ್‌ಬಿ ಕೇಬಲ್ ಕಿತ್ತು ಎಲ್ಲವನ್ನೂ ಎತ್ತಿಡಲು ಹೊರಟೆ.

‘ಅಪ್ಪ, ವೈರ್ ಕಿತ್ತಿದ್ದೀಯಲ್ಲ, ಲೈಟ್ ಯಾಕೆ ಇನ್ನೂ ಉರೀತಿದೆ?’

ಆರ್ಡುಯಿನೊದ ದೀಪ ಮಿಣಮಿಣ ಉರಿಯುತ್ತಿತ್ತು. ಪವರ್ ಇಲ್ಲ, ಆದರೂ ಜೀವ ಇದೆ. ಅವನು ಎರಡು ಹೆಜ್ಜೆ ಹಿಂದೆ ಸರಿದ. ನಾನು ಒಂದೇ ಹೆಜ್ಜೆ ಸರಿದೆ, ತಂದೆಯಲ್ಲವೇ. ಆದದ್ದಿಷ್ಟು: ತೇವದ ಸೆನ್ಸರಿಗೆ ನಾನು ಕರೆಂಟು ಕೊಟ್ಟದ್ದು ಅಟ್ಟದ ಪೆಟ್ಟಿಗೆಯಿಂದ. ಸೆನ್ಸರಿನ ಸಂಕೇತ ಆರ್ಡುಯಿನೊದ ಪಿನ್ನಿಗೆ ಹೋಗುತ್ತದೆ, ಪಿನ್ನಿನೊಳಗೆ ಚಿಪ್ಪನ್ನು ಕಾಪಾಡಲು ಇಟ್ಟ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಪುಟ್ಟ ಡಯೋಡ್ ಇದೆ. ಮುಂಬಾಗಿಲು ಮುಚ್ಚಿದಾಗ ಕರೆಂಟು ಆ ಡಯೋಡಿನ ಮೂಲಕ ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತಿತ್ತು. ದೆವ್ವವಲ್ಲ, ಆದರೆ ಒಳ್ಳೆಯದೂ ಅಲ್ಲ. ಆ ಬಾಗಿಲು ಅಷ್ಟು ಹೊರೆ ಹೊರಲು ಮಾಡಿದ್ದಲ್ಲ. ಸೆನ್ಸರನ್ನು ಆರ್ಡುಯಿನೊದ ಪಂಕ್ತಿಗೇ ಕೂರಿಸಿದೆ.

ಕೊನೆಗೆ ಅಟ್ಟದ ಪೆಟ್ಟಿಗೆಯನ್ನು ಅಟ್ಟಕ್ಕೇ ಕಳಿಸಿ, 5 ವೋಲ್ಟ್, 2 ಆಂಪಿಯರಿನ ಒಂದೇ ಅಡಾಪ್ಟರು ತಂದೆ. ಅದರ ಬುಡದಲ್ಲೇ ತಂತಿಗಳನ್ನು ಕವಲೊಡೆಸಿ ಪಂಪಿಗೆ ಒಂದು ಜೋಡಿ, ಚಿಪ್ಪಿಗೆ ಒಂದು ಜೋಡಿ. ಹಾಗಾಗಿ ಪಂಪಿನ ಕರೆಂಟು ಮರಳುವಾಗ ಸೆನ್ಸರಿನ ನೆಲ ಅಲುಗಾಡಿಸುವುದಿಲ್ಲ. ಮೊದಲ ಗುಟುಕಿಗೆಂದು ಕರೆಂಟು ಕೂಡಿಟ್ಟುಕೊಳ್ಳುವ 1000 ಮೈಕ್ರೋಫ್ಯಾರಡ್‌ನ ಕೆಪಾಸಿಟರ್, ನಿಲ್ಲುವಾಗ ಮೋಟಾರು ಒದೆಯುವ ಹಿಂಗಾಲಿಗೆಂದು 1ಎನ್4007 ಡಯೋಡ್, ಚಿಪ್ಪಿನ ಪಕ್ಕದಲ್ಲಿ ‘104’ ಎಂದು ಬರೆದ ಮಸೂರ ಬೇಳೆಯಷ್ಟು ದೊಡ್ಡ 100 ನ್ಯಾನೋಫ್ಯಾರಡ್‌ನ ಇನ್ನೊಂದು ಕೆಪಾಸಿಟರ್. ನಡುವೆ ಒಮ್ಮೆ ಪವರ್ ಬ್ಯಾಂಕ್ ಪ್ರಯತ್ನಿಸಿದ್ದೂ ಉಂಟು. ಆರ್ಡುಯಿನೊ ಅಷ್ಟು ಕಡಿಮೆ ತಿನ್ನುವುದನ್ನು ಕಂಡು, ಯಾರೂ ಇಲ್ಲವೆಂದುಕೊಂಡು ಅದು ಅರ್ಧ ನಿಮಿಷದಲ್ಲಿ ತಾನೇ ಆಫ್ ಆಗುತ್ತಿತ್ತು. ಮಿತವ್ಯಯಕ್ಕೆ ಸಿಕ್ಕ ಮರ್ಯಾದೆ.

ಒಂದು ತಿಂಗಳು ಯಂತ್ರ ತನ್ನ ಪಾಡಿಗೆ ತಾನು ಕೆಲಸ ಮಾಡಿತು. ಗಿಡ ಹೊಸ ಎಲೆ ಬಿಟ್ಟಿತು. ಮಾಡಲು ಕೆಲಸವಿಲ್ಲದೆ ಒಂದು ಭಾನುವಾರ ಪ್ರೋಗ್ರಾಮನ್ನು ಚೊಕ್ಕ ಮಾಡಿದೆ: ಆ ಮೂರು ರಾತ್ರಿಗಳಲ್ಲಿ ತುರುಕಿದ್ದ ಡಿಲೇಗಳನ್ನೆಲ್ಲ ಕಿತ್ತೆಸೆದೆ. ಎಂಬತ್ತು ಸಾಲು ಮತ್ತೆ ಇಪ್ಪತ್ತಾಯಿತು, ನೋಡಲು ಲಕ್ಷಣವಾಗಿತ್ತು.

ಬುಧವಾರ ಬೆಳಿಗ್ಗೆ ಅಡುಗೆಮನೆಯಿಂದ ದನಿ ಬಂತು. ‘ರೀ, ಮತ್ತೆ ಯಾರೋ ನೆನೆಸ್ಕೊಳ್ತಿದ್ದಾರೆ.’

ಗುರ್. ಮೌನ. ಗುರ್.

ಈ ಸಲ ನಾನು ಹೆದರಲಿಲ್ಲ. ಈಗ ನಾನು ನೆಲದ ಮರ್ಮ ಬಲ್ಲವನು. ಕೋಡನ್ನು ಕಣ್ಣೆತ್ತಿಯೂ ನೋಡದೆ ಸೀದಾ ಕಪ್ಪು ತಂತಿಗೆ ಕೈ ಹಾಕಿದೆ. ಅದನ್ನು ದಪ್ಪ ಮಾಡಿದೆ. ಕೆಪಾಸಿಟರ್ 2200ಕ್ಕೆ ಏರಿಸಿದೆ. ಅಡಾಪ್ಟರು ಬದಲಾಯಿಸಿದೆ. ಬ್ರೆಡ್‌ಬೋರ್ಡನ್ನೇ ಬಿಟ್ಟು ಎಲ್ಲವನ್ನೂ ಸೋಲ್ಡರ್ ಮಾಡಿದೆ. ಎರಡು ಸಂಜೆ ಹೋದವು. ಬಿಕ್ಕಳಿಕೆ ಹೋಗಲಿಲ್ಲ. ಮೂರನೇ ಸಂಜೆ ಇನ್ನೊಂದು ಕೆಪಾಸಿಟರ್ ಹಿಡಿದು ಸೋಲ್ಡರಿಂಗ್ ಐರನ್ ಕಾಯಿಸುತ್ತಿದ್ದಾಗ, ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಮಗ ಕೇಳಿದ.

‘ಅಪ್ಪ, ಇದು ‘ಎದ್ದೆ’ ಅಂತ ಒಂದೇ ಸಲ ಹೇಳಿದೆಯಲ್ಲ?’

ಬಗ್ಗಿ ನೋಡಿದೆ. ‘ಎದ್ದೆ’ ಒಂದೇ. ಅದರ ಕೆಳಗೆ ಸೆನ್ಸರಿನ ಅಂಕಿಗಳ ಸಾಲು: 501, 499, 500, 501, 499. ಅಂಕಿ 500 ದಾಟಿದರೆ ಮಣ್ಣು ಒಣಗಿದೆ, ಪಂಪು ಹಾಕು. ಇಳಿದರೆ ಒದ್ದೆ, ನಿಲ್ಲಿಸು. ಹಾಗೆಂದು ಬರೆದವನು ನಾನೇ. ಒಮ್ಮೆ ಹಾಕಿದ ಪಂಪನ್ನು ಹತ್ತು ಸೆಕೆಂಡು ಓಡಲು ಬಿಡುತ್ತಿದ್ದ ಒಂದು ಡಿಲೇ ಇತ್ತು. ಭಾನುವಾರ ಕಿತ್ತೆಸೆದದ್ದರಲ್ಲಿ ಅದೂ ಹೋಗಿತ್ತು.

ಐರನ್ ಆರಿಸಿದೆ.

‘ಏನಂತೋ?’ ಒಳಗಿನಿಂದ ಹೆಂಡತಿ ಕೇಳಿದಳು.

‘ನೆಲ ನೆಟ್ಟಗಿದೆಯಂತೆ ಅಮ್ಮ,’ ಅಂದ ಮಗ.